ಟ್ರೇಲ್‌ಗೆ ಹೊರಡೋ ಮುಂಚೆ: ಮೈಮೇಲೆ ಏನಿರಬೇಕು, ಬ್ಯಾಗ್‌ನಲ್ಲಿ ಏನಿರಬೇಕು

ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಹಿಂದಿನ ದಾರಿ. ಅಕ್ಟೋಬರ್ ತಿಂಗಳು, ಸಂಜೆ ಐದೂವರೆ, ಮಂಜು ಇಳಿಯೋಕೆ ಶುರುವಾಗಿತ್ತು. ಪಾಚಿ ಹಿಡಿದ ಕಲ್ಲಿನ ಮೇಲೆ ಮುಂದಿನ ಚಕ್ರ ಜಾರಿ ಬೈಕ್ ಎಡಕ್ಕೆ ಮಲಗಿತು. ವೇಗ ಏನೂ ಇರಲಿಲ್ಲ, ನಡೆಯೋ ಸ್ಪೀಡು ಅಷ್ಟೇ. ನನಗೆ ಒಂದು ಗೀರೂ ಆಗಲಿಲ್ಲ. ಆದರೆ ಕ್ಲಚ್ ಲಿವರ್ ಬುಡಕ್ಕೇ ಮುರಿದಿತ್ತು. ಡಾಂಬರು ರಸ್ತೆ ಏಳು ಕಿಲೋಮೀಟರ್ ದೂರ, ಫೋನ್‌ನಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ. ಬೈಕ್‌ಗೆ ದುಬಾರಿ ಫಾಗ್ ಲೈಟ್ ಹಾಕಿಸಿದ್ದೆ, ಒಂದು ಸ್ಪೇರ್ ಲಿವರ್ ಇಟ್ಟುಕೊಂಡಿರಲಿಲ್ಲ. ಸಪಾಟು ರಸ್ತೆಯಲ್ಲಾದರೆ ತಳ್ಳಿ ಗೇರ್‌ಗೆ ಹಾಕಿ ಕ್ಲಚ್ ಇಲ್ಲದೆಯೂ ಓಡಿಸಬಹುದು. ಒದ್ದೆ ಕಲ್ಲಿನ ಏರಿನಲ್ಲಿ ಆ ಆಟ ನಡೆಯುವುದಿಲ್ಲ. ಗೆಳೆಯ ಎಳೆದು, ನಾನು ತಳ್ಳಿ, ರಸ್ತೆ ಮುಟ್ಟಿದಾಗ ರಾತ್ರಿ ಒಂಬತ್ತು.

ಆ ರಾತ್ರಿಯಿಂದ ನಾನು ಸಾಮಾನು ಕೊಳ್ಳುವ ಲೆಕ್ಕ ಬದಲಾಯಿತು. ಈಗ ಯಾರಾದರೂ ಹೊಸದಾಗಿ ಎಕ್ಸ್‌ಪಲ್ಸೋ ಹಿಮಾಲಯನ್ನೋ, ಇಂಥ ಕಲ್ಲು-ಕೆಸರಿನ ದಾರಿಗೆ ಅಂತ ಬರುವ ಬೈಕ್ ತಗೊಂಡು ‘ಏನೇನು ಹಾಕಿಸಲಿ?’ ಅಂತ ಕೇಳಿದರೆ, ಬೈಕ್‌ಗೆ ಏನೂ ಹಾಕಿಸಬೇಡಿ, ಮೊದಲು ಬೂಟು ತಗೊಳ್ಳಿ ಅನ್ನುತ್ತೇನೆ.

ಬೂಟು ಯಾಕೆ ಅಂತ ಹೇಳುತ್ತೇನೆ. ಎಲ್ಲರೂ ಹೆಲ್ಮೆಟ್, ಜಾಕೆಟ್ ಅಂತ ಮೇಲಿನಿಂದ ಶುರು ಮಾಡಿ ಕಾಲಿಗೆ ಬರುವ ಹೊತ್ತಿಗೆ ದುಡ್ಡು ಮುಗಿದು, ಟ್ರೆಕ್ಕಿಂಗ್ ಶೂ ಸಾಕು ಅಂದುಕೊಳ್ಳುತ್ತಾರೆ. ಮಲೆನಾಡಿನ ದಾರಿಯಲ್ಲಿ ಬೀಳುವುದು ಹೆಚ್ಚಾಗಿ ನಿಧಾನಕ್ಕೆ, ಪಕ್ಕಕ್ಕೆ. ಬೈಕ್ ಮಲಗುತ್ತದೆ, ಕಾಲು ಅಡಿಯಲ್ಲಿ ಸಿಗುತ್ತದೆ. ಎಕ್ಸ್‌ಪಲ್ಸ್ 200 ಹತ್ತಿರ ಹತ್ತಿರ 160 ಕಿಲೋ, ಹಳೇ ಹಿಮಾಲಯನ್ 411 ಸುಮಾರು 200 ಕಿಲೋ. ಅಷ್ಟು ಭಾರ ಪಾದದ ಗಂಟಿನ ಮೇಲೆ, ಅದರಡಿ ಒಂದು ಕಲ್ಲು. ಟ್ರೆಕ್ಕಿಂಗ್ ಶೂ ಅಲ್ಲಿ ಬಟ್ಟೆ ಇದ್ದ ಹಾಗೆ. ಕೈಯಲ್ಲಿ ಹಿಡಿದು ತಿರುಚಿ ನೋಡಿ, ಸುಲಭಕ್ಕೆ ತಿರುಚಿಕೊಂಡರೆ ಬೈಕ್ ಬಿದ್ದಾಗಲೂ ತಿರುಚುತ್ತದೆ. ಮೊಣಕಾಲಿನ ಕೆಳಗಿನವರೆಗೆ ಬರುವ, ಬಕಲ್ ಇರುವ, ಮುಂದೆ ಗಟ್ಟಿ ಪ್ಲಾಸ್ಟಿಕ್ ಇರುವ ಆಫ್‌ರೋಡ್ ಬೂಟು ಬೇಕು. ತೋಟದ ಕೆಲಸದವರು ಹಾಕುವ ಗಮ್‌ಬೂಟು ಕೆಸರಿಗೆ ಒಳ್ಳೆಯದೇ, ಆದರೆ ಗಂಟು ಕಾಯುವುದಿಲ್ಲ.

ಹೊಸ ಬೂಟು ಹಾಕಿದ ಮೊದಲ ದಿನ ಗೇರ್ ಬೀಳುವುದಿಲ್ಲ, ಬ್ರೇಕ್ ಗೊತ್ತಾಗುವುದಿಲ್ಲ. ಗಾಬರಿ ಬೇಡ. ಬೂಟಿನ ಮೂತಿ ದಪ್ಪ, ಗೇರ್ ಲಿವರ್ ಅಡಿಗೆ ಹೋಗುತ್ತಿಲ್ಲ ಅಷ್ಟೇ. ಲಿವರನ್ನು ಒಂದು ಹಲ್ಲು ಮೇಲಕ್ಕೆ ಕೂರಿಸಿ. ಆಮೇಲೆ ಮನೆ ಮುಂದೆ ಅರ್ಧ ಗಂಟೆ ಸುಮ್ನೆ ಓಡಾಡಿ, ಕಾಲಿಗೆ ಅಭ್ಯಾಸ ಆಗಲಿ.

ಆಮೇಲೆ ಮೊಣಕಾಲಿಗೆ ಕಟ್ಟುವ ನೀ ಗಾರ್ಡ್. ಒಳಗೆ ಹೊಲಿದಿರುವ ಚೀಟಿ ನೋಡಿ, ಯುರೋಪಿನ ಸುರಕ್ಷತೆಯ ಸಿಇ ಗುರುತು ಮತ್ತು ಗಾರ್ಡ್ ಪರೀಕ್ಷೆಯ ನಂಬರ್ ಇಎನ್ 1621-1 ಅಂತ ಇರಬೇಕು. ಲೆವೆಲ್ 1, ಲೆವೆಲ್ 2 ಅಂತ ಎರಡು ಬರುತ್ತದೆ, ಎರಡನೆಯದು ಪೆಟ್ಟನ್ನು ಜಾಸ್ತಿ ನುಂಗುತ್ತದೆ. ಬೆನ್ನಿನದಕ್ಕೆ ಇಎನ್ 1621-2. ಅಂಗಡಿಯಲ್ಲಿ ಕಟ್ಟಿಕೊಂಡು ನಾಲ್ಕು ಸಲ ಬೈಠಕ್ ಹೊಡೆಯಿರಿ. ಕೆಳಗೆ ಜಾರಿದರೆ ಬೀಳುವ ಹೊತ್ತಿಗೂ ಜಾರಿಯೇ ಇರುತ್ತದೆ.

ಹೆಲ್ಮೆಟ್ ವಿಷಯ ಎಲ್ಲರಿಗೂ ಗೊತ್ತು, ಜಾಸ್ತಿ ಎಳೆಯುವುದಿಲ್ಲ. ಐಎಸ್‌ಐ ಗುರುತು ಕಾನೂನಿಗೆ ಬೇಕೇ ಬೇಕು, ಜೊತೆಗೆ ಯುರೋಪಿನ ಹೆಲ್ಮೆಟ್ ಪರೀಕ್ಷೆಯ ಗುರುತು ಇಸಿಇ 22.06 ಕೂಡ ಇದ್ದರೆ ಇನ್ನೂ ಒಳ್ಳೆಯದು. ಮುಂದೆ ಚೂಪು ಟೋಪಿಯಂಥ ಪೀಕ್ ಇರುವುದು ಶೋಕಿಗಲ್ಲ. ಕಾಫಿ ಗಿಡದ ರೆಂಬೆ ಮುಖಕ್ಕೆ ಬಡಿಯುವಾಗ ತಲೆ ತಗ್ಗಿಸಿದರೆ ಅದು ತಡೆಯುತ್ತದೆ. ಕನ್ನಡಕ ಹಾಕುವವರು ಕನ್ನಡಕದ ಮೇಲೆ ಕೂರುವ ಗಾಗಲ್ಸ್ ಅಂತಲೇ ಕೇಳಿ ತಗೊಳ್ಳಿ, ಅದು ಬೇರೆಯೇ ಬರುತ್ತದೆ. ಮಳೆಗಾಲದಲ್ಲಿ ಗಾಗಲ್ಸ್ ಒಳಗಿಂದ ಮಬ್ಬಾಗುವುದು ದೊಡ್ಡ ಪೀಡೆ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಒಣ ಹತ್ತಿ ಬಟ್ಟೆ ಇಟ್ಟುಕೊಳ್ಳಿ, ಜೇಬಿನಲ್ಲಿ ಅಲ್ಲ, ಕವರಿನಲ್ಲಿ. ಗ್ಲೌಸ್ ಎರಡು ಜೊತೆ.

2021ರಿಂದ ಮರುಭೂಮಿಯ ದೂರದ ಓಟವಾದ ಡಕಾರ್ ರ‍್ಯಾಲಿಯಲ್ಲಿ ಬೈಕ್ ಸವಾರರಿಗೆ ಏರ್‌ಬ್ಯಾಗ್ ಜಾಕೆಟ್ ಕಡ್ಡಾಯ. 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ ಅದೇ 2021ರಲ್ಲಿ ಸೌದಿಯಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ, ಡಾಕ್ಟರು ಔಷಧ ಕೊಟ್ಟು ಕೋಮಾದಲ್ಲಿ ಇಡಬೇಕಾಯಿತು. ಅಷ್ಟು ಪಳಗಿದ ಸವಾರನೂ ಬೀಳುತ್ತಾನೆ. ನಮಗೆ ಏರ್‌ಬ್ಯಾಗ್ ದುಬಾರಿ ಆಗಬಹುದು, ಒಪ್ಪುತ್ತೇನೆ. ಬೂಟು, ಮೊಣಕಾಲು, ಬೆನ್ನು ಕಾಯುವ ಗಾರ್ಡ್ ಅಷ್ಟಾದರೂ ಬೇಡವಾ?

ಇನ್ನು ಜಿಗಣೆ, ಮಲೆನಾಡಿನವರ ಬಾಯಲ್ಲಿ ಇಂಬಳ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಆ ಸೀಮೆಯಲ್ಲಿ ಇಂಬಳ ಇಲ್ಲದೆ ಇರುತ್ತದಾ? ಬೂಟಿನ ಒಳಗೆ ಮೊಣಕಾಲಿನವರೆಗೆ ಬರುವ, ದಟ್ಟ ನೇಯ್ಗೆಯ ಲೀಚ್ ಸಾಕ್ಸ್ ಹಾಕಿ. ಒಂದು ಸಣ್ಣ ಡಬ್ಬಿಯಲ್ಲಿ ಉಪ್ಪು. ಹತ್ತಿದ ಇಂಬಳವನ್ನು ಕಿತ್ತು ಎಳೆಯಬೇಡಿ, ಉಗುರಿನ ಅಂಚಿನಿಂದ ಬಾಯಿಯ ಕಡೆಯಿಂದ ಜಾರಿಸಿ ಬಿಡಿಸಿ.

ಈಗ ಬ್ಯಾಗಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ನಾನು ಇದನ್ನೆಲ್ಲ ಕತ್ತಲಲ್ಲಿ ಕಲಿತಿದ್ದು.

ಕ್ಲಚ್ ಲಿವರ್, ಮುಂದಿನ ಬ್ರೇಕ್ ಲಿವರ್ ಒಂದೊಂದು ಸ್ಪೇರ್. ಕ್ಲಚ್ ಕೇಬಲ್ ಕೂಡ, ಆದರೆ ಅದನ್ನು ಬ್ಯಾಗ್‌ನಲ್ಲಿ ಇಡಬೇಡಿ. ಈಗಿರುವ ಕೇಬಲ್ ಪಕ್ಕದಲ್ಲೇ ಹೊಸದನ್ನೂ ಹಾಯಿಸಿ, ಜಿಪ್ ಟೈ ಹಾಕಿ ಕಟ್ಟಿಬಿಡಿ. ಹಳೆಯದು ತುಂಡಾದರೆ ಟ್ಯಾಂಕ್ ಬಿಚ್ಚುವ ಕೆಲಸವೇ ಇಲ್ಲ, ಎರಡು ತುದಿ ಬದಲಾಯಿಸಿದರೆ ಆಯಿತು. ಲಿವರ್ ಮುರಿಯದ ಹಾಗೆ ಮಾಡುವ ಒಂದು ಉಪಾಯವೂ ಇದೆ. ಹ್ಯಾಂಡಲ್‌ಗೆ ಲಿವರ್ ಹಿಡಿದಿಡುವ ಕ್ಲ್ಯಾಂಪಿನ ಬೋಲ್ಟನ್ನು ಪೂರ್ತಿ ಬಿಗಿ ಮಾಡಬೇಡಿ. ಓಡಿಸುವಾಗ ಅಲುಗಬಾರದು, ಕೈಯಿಂದ ಜೋರಾಗಿ ತಳ್ಳಿದರೆ ಮಾತ್ರ ತಿರುಗಬೇಕು, ಅಷ್ಟು ಬಿಗಿ. ಬಿದ್ದಾಗ ಲಿವರ್ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ. ಜೊತೆಗೆ ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವ ಹ್ಯಾಂಡ್‌ಗಾರ್ಡ್ ಹಾಕಿಸಿ. ಬರೀ ಪ್ಲಾಸ್ಟಿಕ್‌ನದು ಚಳಿ ತಡೆಯುತ್ತದೆ, ಲಿವರ್ ಉಳಿಸುವುದಿಲ್ಲ.

ಪಂಕ್ಚರ್. ಈ ಬೈಕ್‌ಗಳಲ್ಲಿ ಹೆಚ್ಚಿನವಕ್ಕೆ ಕಡ್ಡಿ ರಿಮ್ಮು, ಒಳಗೆ ಟ್ಯೂಬು. ಟ್ಯೂಬ್‌ಲೆಸ್ ಕಾರಿನ ಹಾಗೆ ಬತ್ತಿ ತುರುಕಿ ಹೊರಡೋಕೆ ಆಗುವುದಿಲ್ಲ. ಟೈರ್ ಎಬ್ಬಿಸುವ ಟೈರ್ ಲಿವರ್ ಮೂರು, ಪ್ಯಾಚು, ಸೊಲ್ಯೂಷನ್, ಉಜ್ಜೋಕೆ ಉಪ್ಪುಕಾಗದ, ಕೈ ಪಂಪು, ಚಕ್ರ ಬಿಚ್ಚುವ ಅಳತೆಯ ಸ್ಪ್ಯಾನರು, ಒಂದು ಹೊಸ ಟ್ಯೂಬು. ಒಂದೇ ಟ್ಯೂಬಿಗೆ ಜಾಗ ಇದ್ದರೆ ಮುಂದಿನ 21 ಇಂಚಿನದನ್ನೇ ಇಟ್ಟುಕೊಳ್ಳಿ. ಅದನ್ನು ಹಿಂದಿನ 17 ಅಥವಾ 18 ಇಂಚಿನ ಟೈರಿಗೆ ತಾತ್ಕಾಲಿಕವಾಗಿ ತುರುಕಬಹುದು, ಊರು ಮುಟ್ಟಿಸುತ್ತದೆ. ಹಿಂದಿನದನ್ನು ಮುಂದಕ್ಕೆ ಹಾಕೋಕೆ ಹೋದರೆ ಕಷ್ಟ.

ಟೈರ್ ಅಂಚು ರಿಮ್ಮಿಗೆ ಕಚ್ಚಿಕೊಂಡು ಬಿಡದಿದ್ದರೆ ಚಕ್ರವನ್ನು ನೆಲಕ್ಕೆ ಮಲಗಿಸಿ, ಗೆಳೆಯನ ಬೈಕ್‌ನ ಸೈಡ್ ಸ್ಟ್ಯಾಂಡನ್ನು ಟೈರಿನ ಮೇಲೆ, ರಿಮ್ಮಿಗೆ ತಾಗದಂತೆ ಊರಿ, ಬೈಕನ್ನು ಮೆಲ್ಲಗೆ ಅದರ ಮೇಲೆ ವಾಲಿಸಿ. ಟಪ್ ಅಂತ ಬಿಡುತ್ತದೆ. ತೂತಾದ ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೆ ಬೆರಳಾಡಿಸಿ ನೋಡಿ, ನಿಧಾನಕ್ಕೆ, ಯಾಕೆಂದರೆ ಬಿದಿರಿನ ಮುಳ್ಳು ಅಲ್ಲೇ ಕೂತಿರುತ್ತದೆ ಮತ್ತು ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ನೂರು ಮೀಟರಿಗೆ ಮತ್ತೆ ಅದೇ ಕಥೆ. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿ ಆಮೇಲೆ ಹಾಕಿ. ಟೈರ್ ಕೂರಿಸುವುದನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಒಂದು ಗೇಣು ಹೋಗದೆ ಹಟ ಮಾಡಿದರೆ ಲಿವರಿಗೆ ಬಲ ಹಾಕಬೇಡಿ, ಟ್ಯೂಬ್ ಹರಿಯುತ್ತದೆ. ಎದುರು ಬದಿಯನ್ನು ಮೊಣಕಾಲಿನಿಂದ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ, ಈ ಬದಿ ತಾನಾಗಿ ಸಡಿಲ ಆಗುತ್ತದೆ. ಇದನ್ನೆಲ್ಲ ಒಂದು ಭಾನುವಾರ ಮನೆ ಅಂಗಳದಲ್ಲಿ ಮಾಡಿ ನೋಡಿ. ಅಲ್ಲಿ ಎರಡು ಗಂಟೆ ಹಿಡಿದರೆ ಪರವಾಗಿಲ್ಲ, ಮಳೆಯಲ್ಲಿ ಇಂಬಳದ ನಡುವೆ ಕೂತು ಮೊದಲ ಸಲ ಮಾಡುವುದು ಬೇಡ.

ಗಾಳಿಯ ಒತ್ತಡ ಅಳೆಯುವ ಗೇಜ್ ಒಂದು ಇರಲಿ, ಸಣ್ಣ ಖರ್ಚು, ದೊಡ್ಡ ಉಪಕಾರ. ಕೆಸರು, ಕಲ್ಲಿನ ದಾರಿಗೆ ಇಳಿಯುವ ಮುಂಚೆ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೈರ್ ನೆಲವನ್ನು ಅಗಲಕ್ಕೆ ಹಿಡಿಯುತ್ತದೆ, ಬೈಕ್ ಬೇರೆಯೇ ಗಾಡಿ ಅನ್ನಿಸುತ್ತದೆ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ. ಇನ್ನೊಂದು ಅಪಾಯ, ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬನ್ನೂ ಎಳೆದುಕೊಂಡು ಹೋಗಿ ವಾಲ್ವ್ ಬುಡ ಕಿತ್ತುಹಾಕುವುದು. ಅದಕ್ಕೇ ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ಕ್ಯಾಪಿನ ಹತ್ತಿರ ತಿರುಗಿಸಿಡಿ. ವಾಲ್ವ್ ನೆಟ್ಟಗೆ ನಿಂತಿದೆಯಾ, ವಾಲಿದೆಯಾ ಅಂತ ಪ್ರತಿ ಸಲ ನಿಲ್ಲಿಸಿದಾಗ ಒಂದು ಕಣ್ಣು ಹಾಯಿಸಿ. ವಾಲಿದ್ದರೆ ಟ್ಯೂಬ್ ಜಾರುತ್ತಿದೆ ಅಂತ ಅರ್ಥ. ಡಾಂಬರಿಗೆ ಬಂದ ತಕ್ಷಣ ಮತ್ತೆ ಗಾಳಿ ತುಂಬಿ.

ಉಳಿದದ್ದು ಬೇಗ ಹೇಳುತ್ತೇನೆ. ತುಂಡಾದ ಚೈನ್ ಕೂಡಿಸೋಕೆ ನಿಮ್ಮದೇ ಅಳತೆಯ ಚೈನ್ ಲಾಕ್ ಒಂದು, ಜಿಪ್ ಟೈ ಹತ್ತು, ಪಂಪಿನ ಮೈಗೆ ಸುತ್ತಿದ ಡಕ್ಟ್ ಟೇಪು, ಒಂದು ಎಂ-ಸೀಲ್. ಎಂಜಿನ್ ಅಡಿಗೆ ಕಲ್ಲು ಬಡಿದು ಸಣ್ಣ ಬಿರುಕು ಬಿಟ್ಟು ಆಯಿಲ್ ಸೋರಿದರೆ, ಜಾಗ ಪೂರ್ತಿ ಒರೆಸಿ ಎಂ-ಸೀಲ್ ಮೆತ್ತಿ, ಒಣಗೋಕೆ ಬಿಟ್ಟು, ಆಯಿಲ್ ಮಟ್ಟ ನೋಡಿ ನಿಧಾನಕ್ಕೆ ಮನೆ ಸೇರಿದವರು ಎಷ್ಟೋ ಜನ. ಬಡಿಯದ ಹಾಗೆ ಎಂಜಿನ್ ಅಡಿಗೆ ಗಟ್ಟಿ ತಟ್ಟೆ, ಅಂದರೆ ಬ್ಯಾಷ್ ಪ್ಲೇಟ್ ಹಾಕಿಸುವುದು ಇನ್ನೂ ಒಳ್ಳೆಯದು, ಬೈಕ್‌ಗೆ ಅಂತ ಹಾಕಿಸುವುದರಲ್ಲಿ ನಾನು ಹ್ಯಾಂಡ್‌ಗಾರ್ಡ್ ಆದ ಮೇಲೆ ಇದನ್ನೇ ಹೇಳುವುದು.

ನಾಲ್ಕೈದು ಮೀಟರ್ ಅಗಲ ಪಟ್ಟಿ, ಎಳೆಯೋಕೆ. ಮುಂದಿನ ಬೈಕ್‌ನ ಫುಟ್‌ಪೆಗ್‌ಗೆ ಕಟ್ಟಿ. ಹಿಂದಿನ ಬೈಕ್‌ಗೆ ಮಾತ್ರ ಕಟ್ಟಲೇಬೇಡಿ, ಫುಟ್‌ಪೆಗ್‌ಗೆ ಒಂದೆರಡು ಸುತ್ತು ಸುತ್ತಿ ತುದಿಯನ್ನು ಬೂಟಿನಡಿ ಒತ್ತಿ ಹಿಡಿಯಿರಿ. ಏನಾದರೂ ಎಡವಟ್ಟಾದರೆ ಕಾಲೆತ್ತಿದರೆ ಸಾಕು, ಬಿಟ್ಟುಹೋಗುತ್ತದೆ.

ಹಣೆಗೆ ಕಟ್ಟುವ ಟಾರ್ಚು. ಬೆನ್ನಿನ ಬ್ಯಾಗಿನಲ್ಲಿ ಎರಡು ಲೀಟರ್ ನೀರು, ಓಆರ್‌ಎಸ್ ಎರಡು ಪೊಟ್ಟಣ, ಕ್ರೇಪ್ ಬ್ಯಾಂಡೇಜು, ನಿಮ್ಮ ರಕ್ತದ ಗುಂಪು ಬರೆದ ಚೀಟಿ. ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿ. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಬಿಎಸ್‌ಎನ್‌ಎಲ್ ಸಿಮ್ ಇರಲಿ, ಘಟ್ಟದ ಎಷ್ಟೋ ಮೂಲೆಗಳಲ್ಲಿ ಅದೊಂದೇ ಸಿಗುವುದು. 108 ಮತ್ತು 112 ಎಲ್ಲರಿಗೂ ಬಾಯಿಪಾಠ ಇರುತ್ತದೆ, ಆದರೆ ಎಲ್ಲಿದ್ದೀರಿ ಅಂತ ಹೇಳೋಕೆ ಬರಬೇಕಲ್ವಾ? ಹತ್ತಿರದ ಊರಿನ, ತೋಟದ ಹೆಸರು ಕೇಳಿಟ್ಟುಕೊಳ್ಳಿ.

ಕ್ವಾಡ್, ಅಂದರೆ ನಾಲ್ಕು ಚಕ್ರದ ಬೈಕ್ ಓಡಿಸುವವರಿಗೂ ಮೈಮೇಲಿನ ಲೆಕ್ಕ ಇದೇ. ನಾಲ್ಕು ಚಕ್ರ ಇದೆ ಅಂತ ಧೈರ್ಯ ಬೇಡ, ಮಗುಚಿದರೆ ಅಷ್ಟೂ ಭಾರ ಮೈಮೇಲೆ. ಬೈಕ್‌ನವರ ಅಭ್ಯಾಸದಂತೆ ತಿರುವಿನಲ್ಲಿ ಕಾಲು ಕೆಳಗಿಟ್ಟರೆ ಹಿಂದಿನ ಚಕ್ರ ಕಾಲಿನ ಮೇಲೇ ಹತ್ತುತ್ತದೆ. ಎಂಜಿನ್ ಆಫ್ ಆಗುವ ಟೆದರ್ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳದೆ ಹತ್ತಬೇಡಿ. ಅದರ ಟೈರಿಗೆ 5 ಪಿಎಸ್‌ಐ ಆಸುಪಾಸು ಗಾಳಿ ಇರುವುದರಿಂದ ಬೈಕ್‌ನ ಗೇಜ್ ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ್ದೇ ಬೇರೆ ಬರುತ್ತದೆ. ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ವಿಂಚ್ ಇದ್ದರೆ ಮರಕ್ಕೆ ಅಗಲ ಪಟ್ಟಿ ಸುತ್ತಿ, ಬರೀ ಹಗ್ಗ ಹಾಕಿದರೆ ತೊಗಟೆ ಸೀಳುತ್ತದೆ. ಎಳೆಯುವಾಗ ಹಗ್ಗದ ಮೇಲೆ ಒಂದು ಒದ್ದೆ ಗೋಣಿಚೀಲ ಹೊದಿಸಿ, ತುಂಡಾದರೆ ಚಾಟಿಯ ಹಾಗೆ ಬೀಸುವುದು ಕಡಿಮೆಯಾಗುತ್ತದೆ.

ಎಲ್ಲಿ ಓಡಿಸುತ್ತೀರಿ ಅನ್ನುವುದೂ ಮುಖ್ಯ. ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಘಟ್ಟದ ಮೇಲಿನ ಶೋಲಾ ಕಾಡಿನ ಹುಲ್ಲುಗಾವಲಿನ ಮೇಲೆ ಒಮ್ಮೆ ಚಕ್ರ ಉರುಳಿದರೆ ಆ ಗೆರೆಯಲ್ಲೇ ಮಳೆನೀರು ಹರಿದು ಕೊರಕಲಾಗುತ್ತದೆ. ದಯವಿಟ್ಟು ಅಲ್ಲಿಗೆ ಹೋಗಬೇಡಿ. ತೋಟದ ದಾರಿಗೆ ತೋಟದವರನ್ನು ಕೇಳಿ. ‘ಅಣ್ಣಾ, ಈ ದಾರೀಲಿ ಹೋಗ್ಬೋದಾ, ಆನೆ ಏನಾದ್ರೂ ಓಡಾಡ್ತಿದ್ಯಾ?’ ಅಂತ ಒಂದು ಮಾತು. ಇಲ್ಲ ಅಂದರೆ ವಾಪಸ್ ತಿರುಗಿ. ಉಣುಗೋಲು ಸರಿಸಿ ಒಳಗೆ ಹೋದವರು ಮತ್ತೆ ಹಾಕಿ ಹೋಗಬೇಕು, ಅದಿಲ್ಲದಿದ್ದರೆ ರಾತ್ರಿಯೊಳಗೆ ದನ ಯಾರದೋ ಗದ್ದೆಯಲ್ಲಿರುತ್ತದೆ.

ಮನೆಗೆ ಬಂದ ದಿನ ಎಷ್ಟೇ ಸುಸ್ತಾಗಿದ್ದರೂ ಬೂಟಿನ ಒಳಗೆ ಹಳೇ ಪೇಪರ್ ತುಂಬಿ ಗಾಳಿಗೆ ಇಡಿ, ಬಿಸಿಲಿಗೆ ಬೇಡ. ಚೈನ್ ತೊಳೆದು ಲ್ಯೂಬ್ ಹಾಕಿ. ಬ್ಯಾಗ್ ಬಿಚ್ಚಿ ಏನು ಖರ್ಚಾಗಿದೆ ನೋಡಿ. ಸೊಲ್ಯೂಷನ್ ಟ್ಯೂಬನ್ನು ಒಮ್ಮೆ ತೆರೆದಿದ್ದರೆ, ಎಷ್ಟೇ ಗಟ್ಟಿ ಮುಚ್ಚಿಟ್ಟರೂ ಮುಂದಿನ ಟ್ರೇಲ್ ಹೊತ್ತಿಗೆ ಒಳಗೇ ಒಣಗಿರುತ್ತದೆ. ಆವತ್ತೇ ಹೊಸದೊಂದು ತಂದು ಹಾಕಿಡಿ.