ಮಜ್ಜೆಯ ಒಂದು ಕೋಶದಿಂದ ಮೂಳೆ, ಕೊಬ್ಬು, ಮೃದ್ವಸ್ಥಿ: ಪ್ರಯೋಗಾಲಯದ ಕ್ರಮ

ನಮ್ಮ ಮೂಳೆಮಜ್ಜೆಯಲ್ಲಿ ಎರಡು ಬಗೆಯ ಆಕರಕೋಶಗಳಿವೆ (ಸ್ಟೆಮ್ ಸೆಲ್, ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ). ಒಂದು ಬಗೆಯದು ರಕ್ತಕಣಗಳನ್ನು ಹುಟ್ಟಿಸುತ್ತದೆ. ಮೀಸೆಂಕೈಮಲ್ ಎಂಬ ಇನ್ನೊಂದು ಬಗೆ ಮೂಳೆ, ಕೊಬ್ಬು, ಮೃದ್ವಸ್ಥಿಗಳಾಗಿ (ಕೀಲುಗಳಲ್ಲಿರುವ ಮೆತ್ತನೆಯ ಎಲುಬು) ಬೆಳೆಯಬಲ್ಲದು. ವಯಸ್ಕರ ಮಜ್ಜೆಯ ಕೋಶಗಳನ್ನು ಈ ಮೂರೂ ದಾರಿಗೆ ಹಚ್ಚಬಹುದು ಎಂದು ಅಮೆರಿಕದ ಸಂಶೋಧಕ ಮಾರ್ಕ್ ಪಿಟ್ಟೆಂಜರ್ ಅವರ ತಂಡ 1999ರಲ್ಲಿ ತೋರಿಸಿತು. ಇಂದಿನ ಪ್ರಯೋಗಾಲಯಗಳ ಕ್ರಮ ಹೆಚ್ಚು ಕಡಿಮೆ ಅದೇ.

ಬೇರ್ಪಡಿಸುವುದು. ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ ಪಡೆದ ಮಜ್ಜೆಗೆ ಅಷ್ಟೇ ಪ್ರಮಾಣದ ಬಫರ್ ಬೆರೆಸಿ, 1.077 ಸಾಂದ್ರತೆಯ ಫೈಕಾಲ್ ಎಂಬ ದಟ್ಟ ದ್ರವದ ಮೇಲೆ ನಿಧಾನವಾಗಿ ಸುರಿಯಿರಿ. ಗುರುತ್ವದ 400 ಪಟ್ಟು (400 ಜಿ) ಬಲದಲ್ಲಿ 30 ನಿಮಿಷ ತಿರುಗಿಸಿ. ಸೆಂಟ್ರಿಫ್ಯೂಜಿನ ಬ್ರೇಕ್ ಆಫ್ ಇರಲೇಬೇಕು, ಇಲ್ಲವಾದರೆ ನಡುವೆ ನಿಂತ ಬಿಳಿ ಪದರ ಕದಡಿಹೋಗುತ್ತದೆ. ಆ ಪದರವನ್ನು ತೆಗೆದು ತೊಳೆದು, ಶೇ 10 ಸೀರಮ್ ಇರುವ ಕಡಿಮೆ ಗ್ಲೂಕೋಸಿನ ಡಿಎಂಇಎಂ ಎಂಬ ಪೋಷಕ ದ್ರವದಲ್ಲಿ (ಮಾಧ್ಯಮ), 37 ಡಿಗ್ರಿ ಮತ್ತು ಶೇ 5 ಇಂಗಾಲದ ಡೈಆಕ್ಸೈಡಿನಲ್ಲಿ ಇಡಿ. ಬೇಕಾದ ಕೋಶಗಳು ಪ್ಲಾಸ್ಟಿಕ್ಕಿಗೆ ಅಂಟುತ್ತವೆ. ಎರಡು ಮೂರು ದಿನ ಬಿಟ್ಟು ಮಾಧ್ಯಮ ಬದಲಿಸಿದರೆ ಅಂಟದ ರಕ್ತಕೋಶಗಳು ಹೊರಹೋಗುತ್ತವೆ.

ಮೀಸೆಂಕೈಮಲ್ ಕೋಶಗಳು ತೀರಾ ವಿರಳ. ಮಜ್ಜೆಯ ಹತ್ತು ಸಾವಿರದಿಂದ ಒಂದು ಲಕ್ಷ ಕೋಶಗಳಲ್ಲಿ ಒಂದು ಸಿಕ್ಕರೆ ಹೆಚ್ಚು. ಆದ್ದರಿಂದ ಗುರುತು ಖಾತ್ರಿಯಾಗಬೇಕು: ಕೋಶದ ಮೇಲ್ಮೈಯ ಗುರುತು ಪ್ರೋಟೀನುಗಳಾದ ಸಿಡಿ73, ಸಿಡಿ90, ಸಿಡಿ105 ಶೇ 95ಕ್ಕೂ ಹೆಚ್ಚು ಕೋಶಗಳಲ್ಲಿರಬೇಕು, ರಕ್ತಕೋಶದ ಗುರುತಾದ ಸಿಡಿ45 ಶೇ 2ನ್ನು ಮೀರಬಾರದು. ಐದಾರು ಬಾರಿ ಪಾಸೇಜ್ ಆದ (ಹೊಸ ತಟ್ಟೆಗೆ ವರ್ಗಾಯಿಸಿ ಬೆಳೆಸಿದ) ಕೋಶಗಳನ್ನು ನಂಬಬೇಡಿ, ಅವುಗಳ ಶಕ್ತಿ ಕುಗ್ಗಿರುತ್ತದೆ.

ಮೂಳೆ. ಚದರ ಸೆಂ.ಮೀ.ಗೆ ಸುಮಾರು 3,000 ಕೋಶಗಳನ್ನು ಬಿತ್ತಿ. ಡೆಕ್ಸಾಮೆಥಸೋನ್ 100 ನ್ಯಾನೊಮೋಲಾರ್, ಆಸ್ಕಾರ್ಬೇಟ್ ಫಾಸ್ಫೇಟ್ 50 ಮೈಕ್ರೊಮೋಲಾರ್, ಬೀಟಾ ಗ್ಲಿಸರೊಫಾಸ್ಫೇಟ್ 10 ಮಿಲಿಮೋಲಾರ್ ಹಾಕಿ ಮೂರು ವಾರ ಬೆಳೆಸಿ. ರನ್ಕ್ಸ್2 ಜೀನ್ ಚುರುಕಾಗಿ ಸುಣ್ಣ ಕೂಡುತ್ತದೆ. ಅಲಿಜರಿನ್ ಬಣ್ಣ ಅದನ್ನು ಕೆಂಪಾಗಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಫಾಸ್ಫೇಟ್ ಅತಿಯಾದರೆ ಸುಣ್ಣ ತಾನಾಗಿಯೇ ಗಡ್ಡೆಗಟ್ಟುತ್ತದೆ, ಕೋಶ ಮೂಳೆಯಾಗದಿದ್ದರೂ ಕೆಂಪು ಕಾಣುತ್ತದೆ. ಕೋಶವಿಲ್ಲದ ಬಾವಿಯನ್ನೂ (ತಟ್ಟೆಯ ಕುಳಿ), ಸಾಮಾನ್ಯ ಮಾಧ್ಯಮದ ಬಾವಿಯನ್ನೂ ಜೊತೆಗಿಟ್ಟು, ಮೂಳೆಕೋಶದ ಪ್ರೋಟೀನಾದ ಆಸ್ಟಿಯೋಕ್ಯಾಲ್ಸಿನ್ ಅಳೆಯಿರಿ.

ಕೊಬ್ಬು. ಇಲ್ಲಿ ಕೋಶಗಳು ಒತ್ತೊತ್ತಾಗಿರಬೇಕು. ಹರಡಿಕೊಂಡ ಕೋಶ ಮೂಳೆಯತ್ತ, ದುಂಡಗೆ ಕುಳಿತದ್ದು ಕೊಬ್ಬಿನತ್ತ ವಾಲುತ್ತದೆ. ತಟ್ಟೆ ತುಂಬಿದ ಮೇಲೆ ಡೆಕ್ಸಾಮೆಥಸೋನ್ 1 ಮೈಕ್ರೊಮೋಲಾರ್, ಐಬಿಎಂಎಕ್ಸ್ 0.5 ಮಿಲಿಮೋಲಾರ್, ಇನ್ಸುಲಿನ್ ಮಿಲಿಲೀಟರಿಗೆ 10 ಮೈಕ್ರೊಗ್ರಾಂ, ಇಂಡೊಮೆಥಾಸಿನ್ 200 ಮೈಕ್ರೊಮೋಲಾರ್ ಕೊಡಿ. ಮೂರು ದಿನ ಇದು, ಒಂದು ದಿನ ಬರೀ ಇನ್ಸುಲಿನ್, ಹೀಗೆ ಮೂರು ಸುತ್ತು. ಎಣ್ಣೆಹನಿಗಳಿಗೆ ಆಯಿಲ್ ರೆಡ್ ಓ ಬಣ್ಣ. ಐಸೊಪ್ರೊಪನಾಲಿನಲ್ಲಿ ಜಾಸ್ತಿ ಹೊತ್ತು ತೊಳೆದರೆ ಹನಿಗಳೇ ಕರಗುತ್ತವೆ.

ಮೃದ್ವಸ್ಥಿ. ಇದು ತಟ್ಟೆಯ ಮೇಲೆ ಹರಡಿಕೊಂಡು ಸರಿಯಾಗಿ ಬೆಳೆಯದು, ಕೋಶಗಳು ಗುಂಡಗೆ ಒಟ್ಟುಗೂಡಬೇಕು. ಎರಡೂವರೆ ಲಕ್ಷ ಕೋಶಗಳನ್ನು 15 ಮಿಲಿಲೀಟರಿನ ಪಾಲಿಪ್ರೊಪಿಲೀನ್ ಟ್ಯೂಬಿನಲ್ಲಿ ತಳಕ್ಕೆ ತಿರುಗಿಸಿ, ಮುಚ್ಚಳ ಸಡಿಲ ಬಿಡಿ. ಸೀರಮ್ ಇಲ್ಲದ ಮಾಧ್ಯಮಕ್ಕೆ ಟಿಜಿಎಫ್-ಬೀಟಾ3 ಎಂಬ ಬೆಳವಣಿಗೆಯ ಪ್ರೋಟೀನನ್ನು ಮಿಲಿಲೀಟರಿಗೆ 10 ನ್ಯಾನೊಗ್ರಾಂ ಹಾಕಿ. ಮೊದಲ ದಿನ ಅಲುಗಾಡಿಸಬೇಡಿ. ಅದು ಸಾಸಿವೆಯಂತೆ ದುಂಡಗಾಗುತ್ತದೆ. ಮೂರು ವಾರದ ಬಳಿಕ ಮೃದ್ವಸ್ಥಿಯ ಗುರುತಾದ ಎರಡನೇ ಬಗೆಯ ಕೊಲಾಜನ್ ಪ್ರೋಟೀನ್ ಹುಡುಕಿ. ಹತ್ತನೇ ಬಗೆಯದೂ ಹೇರಳವಾಗಿ ಕಂಡರೆ ಕೋಶಗಳು ಊದಿಕೊಂಡು ಮೂಳೆಯ ಹಾದಿ ಹಿಡಿದಿವೆ ಎಂದರ್ಥ. ಮಂಡಿ ಸವೆತಕ್ಕೆ ಬಾಳುವ ಮೃದ್ವಸ್ಥಿ ಬೆಳೆಸಲು ಹೊರಟವರಿಗೆ ದೊಡ್ಡ ತೊಡಕು ಇದೇ.

ನರಕೋಶ? ಇದೇ ಕೋಶಗಳು ಕೆಲವು ರಾಸಾಯನಿಕಗಳಿಂದ ಕೆಲವೇ ಗಂಟೆಗಳಲ್ಲಿ ನರಕೋಶವಾದವೆಂಬ ವರದಿ 2000ದಲ್ಲಿ ಬಂತು. ರಾಸಾಯನಿಕದ ಹೊಡೆತಕ್ಕೆ ಕೋಶದ ಅಸ್ಥಿಪಂಜರ (ಒಳಗಿನ ಎಳೆಗಳ ಚೌಕಟ್ಟು) ಕುಸಿದು, ಉಳಿದ ಎಳೆಗಳು ನರದ ಕವಲಿನಂತೆ ಕಂಡಿದ್ದವು ಎಂದು 2004ರ ಹೊತ್ತಿಗೆ ಬೇರೆ ತಂಡಗಳು ತೋರಿಸಿದವು. ಅಂಥ ಆಕಾರ ಕಂಡಾಗ ವಿದ್ಯುತ್ ಸಂಕೇತ ಹೊಮ್ಮಿಸುತ್ತದೆಯೇ ಎಂದು ಅಳೆಯದೆ ಅದನ್ನು ನರಕೋಶವೆಂದು ಬರೆದುಕೊಳ್ಳಬೇಡಿ.