ಆ ಹತ್ತು ನಿಮಿಷಗಳ ಜಗಳ

ನಮ್ಮ ಓದುಗರ ಬಳಗದಲ್ಲಿ ಒಂದು ಪುಸ್ತಕದ ಚರ್ಚೆ ಮುಗಿದ ಮೇಲೆ ಸದಸ್ಯರೆಲ್ಲರ ಅಭಿಪ್ರಾಯಗಳನ್ನು ಸಂಗ್ರಹಿಸಿ ನಾಲ್ಕೈದು ಪುಟಗಳ ಟಿಪ್ಪಣಿಯಾಗಿ ಬರೆದಿಡುವ ಕೆಲಸ ಆರು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹೆಚ್ಚಿನ ಪುಸ್ತಕಗಳ ವಿಷಯದಲ್ಲಿ ಇದು ಒಂದು ಸಂಜೆಯ ಕೆಲಸ. ಮೆಚ್ಚಿದವರ ಮಾತನ್ನು ಒಂದು ಕಡೆ, ಮೆಚ್ಚದವರ ಮಾತನ್ನು ಇನ್ನೊಂದು ಕಡೆ ಬರೆದು ಕೆಳಗೆ ದಿನಾಂಕ ಹಾಕಿದರೆ ಮುಗಿಯಿತು. ಅಗಾಥಾ ಕ್ರಿಸ್ಟಿಯವರ ಪತ್ತೇದಾರಿ ಕಾದಂಬರಿ ‘ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಮಾತ್ರ ಈ ರೂಢಿಗೆ ಒಗ್ಗಲಿಲ್ಲ. ಆ ಟಿಪ್ಪಣಿಯನ್ನು ನಾನು ಮೂರು ಸಲ ಬರೆಯಬೇಕಾಯಿತು. ಹಾಗೇಕಾಯಿತೆಂಬುದನ್ನು, ಇಂಥದೇ ಕೆಲಸದಲ್ಲಿರುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತೆಂದು, ಇಲ್ಲಿ ದಾಖಲಿಸುತ್ತಿದ್ದೇನೆ. ಕಾದಂಬರಿಯ ಗುಟ್ಟನ್ನು ಮುಚ್ಚಿಟ್ಟುಕೊಂಡು ಈ ಅನುಭವವನ್ನು ಹೇಳಲು ಬರುವುದಿಲ್ಲ. ಆದ್ದರಿಂದ ಅದನ್ನು ಇನ್ನೂ ಓದದವರು, ಓದುವ ಮನಸ್ಸಿದ್ದರೆ, ಇಲ್ಲಿಗೇ ನಿಲ್ಲಿಸಿ ಪುಸ್ತಕ ಮುಗಿಸಿಕೊಂಡು ಬರುವುದು ಒಳ್ಳೆಯದು.

ನಾವು ಹನ್ನೊಂದು ಜನ. ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಮಾತಾಡುವುದೆಂದು ತೀರ್ಮಾನವಾಗಿತ್ತು. ಪ್ರತಿಗಳು ಸಾಲದಿದ್ದುದರಿಂದ ನಾನು ಹಳೆಯ ಪುಸ್ತಕಗಳ ಅಂಗಡಿಯಿಂದ ಎರಡು ಪ್ರತಿಗಳನ್ನು ತಂದೆ. ಅದರಲ್ಲೊಂದರ ಮೊದಲ ಪುಟದಲ್ಲಿ ಹಿಂದಿನ ಯಾವನೋ ಪುಣ್ಯಾತ್ಮ ಕೊಲೆಗಾರನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ. ಅದನ್ನು ಅಳಿಸಿದರೂ ಅಚ್ಚು ಉಳಿದಿತ್ತೆಂದು ಆ ಹಾಳೆಯನ್ನೇ ಕತ್ತರಿಸಿ ತೆಗೆದೆ. ಇದನ್ನು ಹೇಳಿದಾಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ನಿವೃತ್ತ ತಹಶೀಲ್ದಾರರು ನಕ್ಕು, ತಾವು ಹುಡುಗರಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳಲ್ಲೂ ಇದೇ ಕಾಟವಿತ್ತೆಂದೂ, ಕೊನೆಯ ಹಾಳೆ ಇದೆಯೇ ಎಂದು ನೋಡಿಕೊಳ್ಳದೆ ಯಾರೂ ಪುಸ್ತಕ ಒಯ್ಯುತ್ತಿರಲಿಲ್ಲವೆಂದೂ ನೆನಪಿಸಿಕೊಂಡರು.

ಕಾದಂಬರಿಯಲ್ಲಿ ಇಪ್ಪತ್ತೇಳು ಅಧ್ಯಾಯಗಳಿವೆ. ಎಲ್ಲರೂ ಇಪ್ಪತ್ತನಾಲ್ಕರವರೆಗೆ ಮಾತ್ರ ಓದಿ ನಿಲ್ಲಿಸಬೇಕು, ತಮಗೆ ಯಾರ ಮೇಲೆ ಸಂಶಯವಿದೆಯೋ ಆ ಹೆಸರನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡಬೇಕು, ಆಮೇಲೆ ಮನೆಗೆ ಹೋಗಿ ಉಳಿದ ಮೂರನ್ನು ಓದಬೇಕು ಎಂದು ನಾನು ಕೇಳಿಕೊಂಡೆ. ಮೊದಲೇ ಗುಟ್ಟು ತಿಳಿದಿದ್ದ ಇಬ್ಬರು ಖಾಲಿ ಚೀಟಿ ಕೊಟ್ಟರು. ಉಳಿದ ಒಂಬತ್ತರಲ್ಲಿ ಬಟ್ಲರ್ ಪಾರ್ಕರನ ಹೆಸರು ಮೂರು ಸಲ, ಕಾರ್ಯದರ್ಶಿ ರೇಮಂಡನದು ಎರಡು ಸಲ ಬಂದಿತ್ತು, ಮಿಕ್ಕವು ಚದುರಿದ್ದವು. ಕಥೆಯನ್ನು ಹೇಳುತ್ತಿರುವ ಡಾ. ಶೆಪರ್ಡನ ಹೆಸರನ್ನು ಒಬ್ಬರೇ ಒಬ್ಬರು ಬರೆದಿದ್ದರು. ಅವರು ಪ್ರೌಢಶಾಲೆಯ ಗಣಿತದ ಮೇಷ್ಟ್ರು.

ಮುಂದಿನ ಸಭೆಯಲ್ಲಿ ನಾನು ಮಾಡಿದ ತಪ್ಪೆಂದರೆ, ರೂಢಿಯಂತೆ, ಇಷ್ಟವಾದವರು ಕೈಯೆತ್ತಿ ಎಂದದ್ದು. ಆರು ಕೈಗಳು ಎದ್ದವು, ಐದು ಏಳಲಿಲ್ಲ. ತಹಶೀಲ್ದಾರರು, “ಇದು ಮೋಸ. ಹನ್ನೆರಡಾಣೆ ಪಾಲು ಪುಸ್ತಕ ನನ್ನ ಪಕ್ಕದಲ್ಲೇ ಕೂತು ಮಾತಾಡಿದವನು ಕೊಲೆಗಾರ ಅಂದರೆ ನಾನು ಓದಿದ್ದಕ್ಕೆ ಏನು ಬೆಲೆ?” ಎಂದರು. ಮೇಷ್ಟ್ರು, “ಸಾರ್, ಅವನು ಒಂದು ಸುಳ್ಳನ್ನೂ ನಿಮಗೆ ಹೇಳಿಲ್ಲವಲ್ಲ” ಎಂದರು. ಎರಡು ಗಂಟೆ ಈ ಎರಡು ಮಾತುಗಳೇ ಬೇರೆಬೇರೆ ದನಿಗಳಲ್ಲಿ ಸುತ್ತಿದವು. ಅಂದಿನ ಚರ್ಚೆಯಿಂದ ನಾನು ಬರೆದ ಟಿಪ್ಪಣಿಯನ್ನು ಮರುದಿನ ಓದಿದಾಗ, ಕೆಲವರಿಗೆ ಹಿಡಿಸಿತು, ಕೆಲವರಿಗೆ ಹಿಡಿಸಲಿಲ್ಲ ಎಂಬುದರ ಹೊರತು ಅದರಲ್ಲಿ ಏನೂ ಇರಲಿಲ್ಲ. ಹರಿದು ಹಾಕಿದೆ.

ಎರಡನೆಯ ಟಿಪ್ಪಣಿಗಾಗಿ ನಾನು ಹಳೆಯ ಓದುಗರ ಅಭಿಪ್ರಾಯಗಳನ್ನು ಹುಡುಕಿಕೊಂಡು ಹೋದೆ. 1925ರಲ್ಲಿ ಲಂಡನ್ನಿನ ‘ಈವ್ನಿಂಗ್ ನ್ಯೂಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1926ರಲ್ಲಿ ಪುಸ್ತಕವಾದ ಈ ಕಾದಂಬರಿಯ ಬಗ್ಗೆ ನಮ್ಮ ಜಗಳವನ್ನೇ ಆ ಕಾಲದ ಪತ್ತೇದಾರಿ ಕಾದಂಬರಿಕಾರರು ತಮ್ಮತಮ್ಮಲ್ಲಿ ಆಡಿಕೊಂಡಿದ್ದರು. ಎಸ್. ಎಸ್. ವ್ಯಾನ್ ಡೈನ್ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ಅಮೆರಿಕದ ವಿಲರ್ಡ್ ಹಂಟಿಂಗ್ಟನ್ ರೈಟ್ ಇದನ್ನು ನ್ಯಾಯಸಮ್ಮತವಲ್ಲದ ತಂತ್ರವೆಂದು ತಳ್ಳಿಹಾಕಿದರೆ, ಡೊರೊತಿ ಸೇಯರ್ಸ್ ಅದಕ್ಕೆ ಉತ್ತರವಾಗಿ, ಎಚ್ಚರದಿಂದಿದ್ದು ಎಲ್ಲರನ್ನೂ ಸಂಶಯಿಸುವುದು ಓದುಗನ ಕೆಲಸವೆಂಬ ಅರ್ಥದ ಮಾತು ಬರೆದರು. ನನಗೆ ಹೆಚ್ಚು ರುಚಿಸಿದ್ದು ರೊನಾಲ್ಡ್ ನಾಕ್ಸ್ ಎಂಬ ಪಾದ್ರಿಯ ಪೇಚಾಟ. ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ವಿಧಿಸಿದ ಈತ, ಓದುಗರು ಯಾರ ಮನಸ್ಸಿನ ಒಳಗನ್ನು ಕಂಡಿದ್ದಾರೋ ಅಂಥವನು ಅಪರಾಧಿಯಾಗಬಾರದೆಂದು ಮೊದಲನೆಯ ಕಟ್ಟಳೆಯಲ್ಲೇ ಹೇಳಿ, ಕೂಡಲೇ, ಕ್ರಿಸ್ಟಿಯವರ ಕೆಲವು ಸಾಧನೆಗಳನ್ನು ನೋಡಿದ ಮೇಲೆ ಈ ನಿಯಮವನ್ನು ಕರಾರುವಾಕ್ಕಾಗಿ ಹೇಳುವುದು ಕಷ್ಟವೆಂದು ಒಪ್ಪಿಕೊಂಡುಬಿಡುತ್ತಾನೆ. ಕಟ್ಟಳೆ ಮಾಡುವವನೇ ಹೀಗೆ ಒಂದು ಪುಸ್ತಕದೆದುರು ತಡವರಿಸುವುದು ಆ ಪುಸ್ತಕಕ್ಕೆ ಸಂದ ದೊಡ್ಡ ಗೌರವವೆಂದು ನನ್ನ ಎಣಿಕೆ.

ಇದೆಲ್ಲವನ್ನೂ ಸೇರಿಸಿ ಬರೆದ ಎರಡನೆಯ ಟಿಪ್ಪಣಿ ಪಾಂಡಿತ್ಯದ ಹೊರೆ ಹೊತ್ತಿತ್ತು, ಆದರೆ ನಮ್ಮ ಹನ್ನೊಂದು ಜನ ಅದರಲ್ಲಿ ಎಲ್ಲೂ ಇರಲಿಲ್ಲ. ಅದನ್ನೂ ಬಿಟ್ಟು, ಇನ್ನೊಂದು ಸಭೆ ಕರೆದು, ಈ ಸಲ ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟೆ: ಮೋಸವೆನ್ನುವವರು ಯಾವ ವಾಕ್ಯದಲ್ಲಿ ಮೋಸವಾಯಿತೆಂದು ಬೆರಳಿಟ್ಟು ತೋರಿಸಬೇಕು, ಅಲ್ಲವೆನ್ನುವವರು ತಮ್ಮ ಪಕ್ಷಕ್ಕೆ ಸಾಕ್ಷಿಯಾಗುವ ವಾಕ್ಯವನ್ನು ತೋರಿಸಬೇಕು. ಪುಸ್ತಕವನ್ನು ಇಡಿಯಾಗಿ ಮತ್ತೊಮ್ಮೆ ಓದುವ ಅಗತ್ಯವಿಲ್ಲ, ಪೆನ್ಸಿಲ್ ಹಿಡಿದು ಹುಡುಕಿದರೆ ಸಾಕು ಎಂದೂ ಹೇಳಿದ್ದೆ. ಆದರೂ ಏಳು ಜನ ಮೊದಲಿನಿಂದ ಓದಿಕೊಂಡೇ ಬಂದಿದ್ದರು.

ಎರಡೂ ಪಕ್ಷದವರು ಗುರುತು ಹಾಕಿಕೊಂಡು ಬಂದದ್ದು ನಾಲ್ಕನೆಯ ಅಧ್ಯಾಯದ ಒಂದೇ ಜಾಗ. ಶ್ರೀಮಂತ ಆಕ್ರಾಯ್ಡನ ಕೋಣೆಯಲ್ಲಿ ಶೆಪರ್ಡ್ ಕುಳಿತಿದ್ದಾನೆ. ಆತ್ಮಹತ್ಯೆ ಮಾಡಿಕೊಂಡ ಶ್ರೀಮತಿ ಫೆರರ್ಸಳ ಪತ್ರ ಆಗಷ್ಟೇ ಬಂದಿದೆ. ಅವಳನ್ನು ಬೆದರಿಸಿ ಹಣ ಕೀಳುತ್ತಿದ್ದವನ ಹೆಸರು, ಅಂದರೆ ಶೆಪರ್ಡನದೇ ಹೆಸರು, ಆ ಪತ್ರದಲ್ಲಿದೆ. ಪತ್ರ ಬಂದದ್ದು ಎಂಟು ಗಂಟೆ ನಲವತ್ತು ನಿಮಿಷಕ್ಕೆ, ತಾನು ಆಕ್ರಾಯ್ಡನನ್ನು ಬಿಟ್ಟು ಹೊರಟದ್ದು ಎಂಟು ಗಂಟೆ ಐವತ್ತು ನಿಮಿಷಕ್ಕೆ, ಆಗಲೂ ಪತ್ರ ಓದದೇ ಉಳಿದಿತ್ತು ಎಂದು ವೈದ್ಯ ಬರೆಯುತ್ತಾನೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ತಾನು ಮಾಡದೇ ಬಿಟ್ಟದ್ದು ಏನಾದರೂ ಇದೆಯೇ ಎಂದು ಒಮ್ಮೆ ಹಿಂತಿರುಗಿ ನೋಡಿದೆನೆಂದೂ ಸೇರಿಸುತ್ತಾನೆ. ಕೊಲೆ ನಡೆದದ್ದು ಈ ಎರಡು ಹೊತ್ತುಗಳ ನಡುವೆ. ಹತ್ತು ನಿಮಿಷ ಎಲ್ಲಿ ಹೋಯಿತೆಂದು ಮೊದಲ ಓದಿನಲ್ಲೇ ಕೇಳಿಕೊಂಡವರು ಮೇಷ್ಟ್ರು ಒಬ್ಬರೇ. “ಎರಡು ಸಂಖ್ಯೆ ಅಕ್ಕಪಕ್ಕ ಕಂಡರೆ ಕಳೆಯದೆ ಇರಲು ನನಗೆ ಆಗುವುದಿಲ್ಲ” ಎಂದು ಅವರು ಸಂಕೋಚದಿಂದಲೇ ಹೇಳಿದರು.

ಅನಂತರ ನಡೆದದ್ದನ್ನು ನಾನು ಯೋಜಿಸಿರಲಿಲ್ಲ. ನಮ್ಮಲ್ಲಿ ಇಂಗ್ಲಿಷ್ ಓದು ಅಷ್ಟಾಗಿ ಅಭ್ಯಾಸವಿಲ್ಲದ ಒಬ್ಬರು, ಅದೇ ಸಾಲುಗಳನ್ನು ಕನ್ನಡದಲ್ಲಿ ಹೇಳಿ ಎಂದು ಕೇಳಿದರು. ನಾನು ಥಟ್ಟನೆ, “ಎಂಟೂ ಐವತ್ತಕ್ಕೆ ಅವರಿಂದ ಬೀಳ್ಕೊಂಡೆ” ಎಂದೆ. ಕೂಡಲೇ ಮೂರು ಜನ ತಡೆದರು. ಬೀಳ್ಕೊಳ್ಳುವುದಕ್ಕೆ ಎದುರಿನವನು ಜೀವಂತವಾಗಿರಬೇಕು. ಹಾಗೆ ಬರೆದಿದ್ದರೆ ಶೆಪರ್ಡ್ ಸುಳ್ಳುಗಾರ, ತಹಶೀಲ್ದಾರರ ಮಾತೇ ಸರಿ. “ಬಿಟ್ಟು ಹೊರಟೆ” ಎಂದರೆ ಮಾತ್ರ ಅದು ನಿಜ, ಏಕೆಂದರೆ ಹೆಣವನ್ನೂ ಬಿಟ್ಟು ಹೊರಡಬಹುದು. ಪತ್ರದ ಮಾತಿನಲ್ಲೂ ಇದೇ ತೊಡಕು. “ಅವರು ಇನ್ನೂ ಓದಿರಲಿಲ್ಲ” ಎಂಬಲ್ಲಿಯ ‘ಇನ್ನೂ’ ಮುಂದೆ ಓದಲಿರುವ ಒಬ್ಬ ಮನುಷ್ಯನನ್ನು ಕೋಣೆಯಲ್ಲಿ ಕೂರಿಸುತ್ತದೆ. “ಓದದೇ ಉಳಿದಿತ್ತು” ಎಂಬುದು ಯಾರನ್ನೂ ಕೂರಿಸುವುದಿಲ್ಲ. ಮೂರು ಸಾಲುಗಳನ್ನು ಕನ್ನಡಕ್ಕೆ ತರಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು, ಮತ್ತು ಆ ಮುಕ್ಕಾಲು ಗಂಟೆಯಲ್ಲಿ ಯಾರೂ ಇಷ್ಟ, ಇಷ್ಟವಿಲ್ಲ ಎಂಬ ಪದಗಳನ್ನು ಬಳಸಲಿಲ್ಲ. ಒಂದೊಂದು ಕ್ರಿಯಾಪದವನ್ನೂ ಸುಳ್ಳಾಗದಂತೆ, ಆದರೆ ನಿಜ ತಿಳಿಯದಂತೆ ಆರಿಸುವುದು ಎಷ್ಟು ಕಷ್ಟವೆಂಬುದು, ಆರಿಸಲು ಕೂತಾಗ ತಿಳಿಯುವಷ್ಟು ಓದಲು ಕೂತಾಗ ತಿಳಿಯುವುದಿಲ್ಲ.

ಇಂಥದೇ ಇನ್ನೊಂದು ಸಾಲಿದೆ. ಹೆಣ ಸಿಕ್ಕಮೇಲೆ ಪಾರ್ಕರನನ್ನು ಪೊಲೀಸರಿಗೆ ಫೋನ್ ಮಾಡಲು ಕಳಿಸಿ, ಮಾಡಬೇಕಾಗಿದ್ದ ಅಲ್ಪಸ್ವಲ್ಪವನ್ನು ಮಾಡಿದೆನೆಂದು ವೈದ್ಯ ಹೇಳುತ್ತಾನೆ. ವೈದ್ಯನಾದವನು ಹೆಣದ ಬಳಿ ಮಾಡುವ ಕೆಲಸವೆಂದು ನಾವೆಲ್ಲ ತಿಳಿದದ್ದು, ನಿಜದಲ್ಲಿ, ಸತ್ತವನ ದನಿಯನ್ನು ನುಡಿಸಿ ಕೊಲೆಯ ಹೊತ್ತನ್ನು ಮರೆಮಾಚಿದ ಡಿಕ್ಟಾಫೋನ್ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಕುರ್ಚಿಯನ್ನು ಗೋಡೆಗೆ ತಳ್ಳಿದ ಕೆಲಸ. ಕೊನೆಯ ಅಧ್ಯಾಯದಲ್ಲಿ ಶೆಪರ್ಡ್ ತಾನೇ ಈ ಎರಡೂ ಸಾಲುಗಳನ್ನು ಎತ್ತಿ ತೋರಿಸಿ, ತನ್ನ ಬರವಣಿಗೆಯ ಬಗ್ಗೆ ತಾನೇ ಬೀಗುತ್ತಾನೆ. ಎಂಟೂ ನಲವತ್ತರ ವಾಕ್ಯದ ಮುಂದೆ ಒಂದು ಸಾಲು ನಕ್ಷತ್ರ ಚುಕ್ಕೆಗಳನ್ನು ಹಾಕಿಬಿಟ್ಟಿದ್ದರೆ ಆ ಖಾಲಿ ಹತ್ತು ನಿಮಿಷಗಳಲ್ಲಿ ಏನಾಯಿತೆಂದು ಯಾರಾದರೂ ಯೋಚಿಸುತ್ತಿದ್ದರೇ ಎಂದು ಕೇಳುತ್ತಾನೆ. ತಹಶೀಲ್ದಾರರು ಇದನ್ನೇ ಹಿಡಿದುಕೊಂಡರು. “ಚುಕ್ಕೆ ಹಾಕಬೇಕಾಗಿತ್ತು ಅಂತ ಅವನಿಗೇ ಗೊತ್ತಿದೆ. ಹಾಕಲಿಲ್ಲ. ಕಂದಾಯದ ದಾಖಲೆಯಲ್ಲಿ ಹೀಗೆ ಒಂದು ನಮೂದು ಬಿಟ್ಟರೆ ನಾವು ಅದನ್ನು ಮೋಸ ಎಂದೇ ಬರೆಯುತ್ತಿದ್ದೆವು.” ಕ್ರಿಸ್ಟಿಯವರು ತಮ್ಮ ಆತ್ಮಕಥೆಯಲ್ಲಿ ಮೋಸದ ಆರೋಪವನ್ನು ಅಲ್ಲಗಳೆದು, ಎಚ್ಚರದಿಂದ ಓದಿದರೆ ಹಾಗೆನ್ನುವವರಿಗೆ ತಮ್ಮ ತಪ್ಪು ತಿಳಿಯುತ್ತದೆ ಎಂದಿದ್ದಾರೆಂದು ನಾನು ಹೇಳಿದೆ. ತಹಶೀಲ್ದಾರರು ಒಪ್ಪಲಿಲ್ಲ. ಆರೋಪಿಯ ಹೇಳಿಕೆಯಿಂದ ಪ್ರಕರಣ ಮುಗಿಯುವುದಿಲ್ಲವೆಂದರು.

ಮೋಸದ ಮಾತು ಇಷ್ಟು ದೊಡ್ಡದಾಗಿದ್ದರಿಂದ ಬೇರೆ ಅಸಮಾಧಾನಗಳು ಮೊದಲ ಚರ್ಚೆಯಲ್ಲಿ ಅದರಡಿ ಹೂತುಹೋಗಿದ್ದವು. ಕೈಯೆತ್ತದ ಐವರಲ್ಲಿ ಇಬ್ಬರಿಗೆ ನಿರೂಪಕನ ವಿಷಯದಲ್ಲಿ ಯಾವ ತಕರಾರೂ ಇರಲಿಲ್ಲ. ಒಬ್ಬರಿಗೆ ಡಿಕ್ಟಾಫೋನ್ ತಂತ್ರವೂ ರೈಲ್ವೆ ಸ್ಟೇಷನ್ನಿನಿಂದ ಬರುವ ಫೋನ್ ಕರೆಯೂ ಬಹಳ ಹೆಣೆದು ಮಾಡಿದಂತೆ, ಹಳ್ಳಿಯ ವೈದ್ಯನೊಬ್ಬ ಒಂದು ದಿನದಲ್ಲಿ ಹೊಂದಿಸಲಾರದಷ್ಟು ಜಟಿಲವಾಗಿ ಕಂಡಿತ್ತು. ಇನ್ನೊಬ್ಬರು ಔಷಧದಂಗಡಿ ನಡೆಸುವವರು. ಅವರ ಸಿಟ್ಟೆಲ್ಲ ಪತ್ತೇದಾರ ಹರ್ಕ್ಯೂಲ್ ಪ್ವಾರೋನ ಮೇಲೆ. ಸತ್ಯ ಕಂಡುಹಿಡಿದ ಮೇಲೆ ಅವನು ಕೊಲೆಗಾರನಿಗೆ ಒಂದು ರಾತ್ರಿಯ ಬಿಡುವು ಕೊಟ್ಟು, ತಾನೇ ಮುಗಿಸಿಕೊಳ್ಳುವ ದಾರಿ ತೋರುತ್ತಾನೆ. ಶೆಪರ್ಡ್ ಏನು ಮಾಡಿದನೆಂದು ಅವನ ಅಕ್ಕ ಕ್ಯಾರೊಲಿನ್‌ಗೆ ತಿಳಿಯಬಾರದೆಂಬ ನೆಪ ಬೇರೆ! ಇದನ್ನು ಕೇಳುತ್ತಲೇ ಇಬ್ಬರು, ಮನೆಯಲ್ಲೇ ಕುಳಿತು ಊರಿನ ಸುದ್ದಿಯನ್ನೆಲ್ಲ ಅರೆದು ಕುಡಿಯುವ ಆಕೆಗೆ ತಮ್ಮನ ವಿಷಯ ತಿಳಿದೇ ಇರುತ್ತದೆ ಎಂದರು. ಔಷಧದಂಗಡಿಯವರು, ಹಾಗಾದರೆ ಪ್ವಾರೋನ ದಯೆಗೆ ಅರ್ಥವೇ ಇಲ್ಲ ಎಂದರು. ಫ್ರಾನ್ಸಿನ ಪಿಯೆರ್ ಬಯಾರ್ 1998ರಲ್ಲಿ ಒಂದು ಇಡೀ ಪುಸ್ತಕ ಬರೆದು, ಕೊಲೆ ಮಾಡಿದವನು ಶೆಪರ್ಡ್ ಅಲ್ಲವೇ ಅಲ್ಲ, ಕ್ಯಾರೊಲಿನ್ ಎಂದು ವಾದಿಸಿದ್ದನ್ನು ನಾನು ಆಗ ಹೇಳಬೇಕಾಯಿತು. ಸಭೆಯಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲವಾದರೂ ಮಾತು ಮತ್ತೆ ಅರ್ಧ ಗಂಟೆ ಬೆಳೆಯಿತು.

ಇನ್ನು ಮಾಜಾಂಗ್ ಆಟದ ಅಧ್ಯಾಯ. ಮೊದಲ ಓದಿನಲ್ಲಿ ಅದನ್ನು ಎಳೆದಾಟವೆಂದವರು ನಾಲ್ವರು; ಎರಡನೆಯ ಓದಿನಲ್ಲಿ ಅದೇ ಪುಸ್ತಕದ ಅತ್ಯುತ್ತಮ ಭಾಗವೆಂದವರು ಅವರಲ್ಲಿ ಮೂವರು. ಆದರೆ ಎಲ್ಲರಿಗೂ ಎರಡನೆಯ ಓದು ಲಾಭವಾಗಲಿಲ್ಲ. ಮೊದಲ ಚರ್ಚೆಯಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಕೈಯೆತ್ತಿದ್ದ ಒಬ್ಬರು, ಗುಟ್ಟು ಗೊತ್ತಾದ ಮೇಲೆ ಉಳಿದ ಪಾತ್ರಗಳೆಲ್ಲ ಸಂಶಯಕ್ಕೆಂದು ಬಾಡಿಗೆಗೆ ತಂದವರಂತೆ ಕಂಡರೆಂದು ಹೇಳಿ ತಮ್ಮ ಮತ ಹಿಂದಕ್ಕೆ ಪಡೆದರು. ಎಡ್ಮಂಡ್ ವಿಲ್ಸನ್ ಎಂಬ ಅಮೆರಿಕದ ವಿಮರ್ಶಕ 1945ರಲ್ಲಿ, ರೋಜರ್ ಆಕ್ರಾಯ್ಡನನ್ನು ಯಾರು ಕೊಂದರೆ ಯಾರಿಗೇನು ಎಂಬ ಅರ್ಥದ ತಲೆಬರಹ ಕೊಟ್ಟು ಪತ್ತೇದಾರಿ ಕಾದಂಬರಿಗಳನ್ನೇ ಝಾಡಿಸಿದ್ದು ಇಂಥ ಬೇಸರದಿಂದಲೇ ಇರಬೇಕು.

ಮೂರನೆಯ ಟಿಪ್ಪಣಿಯನ್ನು ನಾನು ಬರೆದದ್ದು ಹೀಗೆ. ಎಷ್ಟು ಜನ ಮೆಚ್ಚಿದರೆಂಬ ಲೆಕ್ಕವನ್ನು ಬಿಟ್ಟೆ, ಏಕೆಂದರೆ ಮೂರು ಸಭೆಗಳಲ್ಲಿ ಆ ಲೆಕ್ಕ ಎರಡು ಸಲ ಬದಲಾಗಿತ್ತು. ಪುಟದ ಎಡಗಡೆ ವಾಕ್ಯ, ಬಲಗಡೆ ಅದರ ಬಗ್ಗೆ ಯಾರು ಏನೆಂದರೆಂಬುದು. ಒಬ್ಬರೇ ಎರಡು ಓದುಗಳಲ್ಲಿ ಎರಡು ಮಾತು ಹೇಳಿದ್ದರೆ ಎರಡನ್ನೂ ಬರೆದು, ಯಾವುದು ಮೊದಲಿನದೆಂದು ನಮೂದಿಸಿದೆ. ಬ್ರಿಟನ್ನಿನ ಪತ್ತೇದಾರಿ ಲೇಖಕರ ಸಂಘ 2013ರಲ್ಲಿ ತನ್ನ ಸದಸ್ಯರ ಮತದಿಂದ ಇದನ್ನು ಸಾರ್ವಕಾಲಿಕ ಅತ್ಯುತ್ತಮ ಅಪರಾಧ ಕಾದಂಬರಿಯೆಂದು ಆರಿಸಿದ ಸಂಗತಿಯನ್ನು ಸೇರಿಸಬೇಕೆಂದು ಮೇಷ್ಟ್ರು ಒತ್ತಾಯಿಸಿದರು. ಸೇರಿಸಿದೆ, ಆದರೆ ಕೊನೆಯಲ್ಲಲ್ಲ. ಕೊನೆಯಲ್ಲಿಟ್ಟರೆ ತೀರ್ಪಿನಂತೆ ಕಾಣುತ್ತದೆಂದು ನಡುವೆ ಎಲ್ಲೋ ಸೇರಿಸಿದೆ.

ತಹಶೀಲ್ದಾರರು ಓದಿದ್ದು ನಾನು ಅಂಗಡಿಯಿಂದ ತಂದ, ಮೊದಲ ಹಾಳೆ ಕತ್ತರಿಸಿದ ಪ್ರತಿಯನ್ನು. ಟಿಪ್ಪಣಿಗೆ ಸಹಿ ಹಾಕುವಾಗಲೂ ಅವರು ತಮ್ಮ ಹೆಸರಿನ ಮುಂದೆ ‘ಮೋಸವೇ’ ಎಂದು ಬರೆದರು. ಪುಸ್ತಕ ಹಿಂದಿರುಗಿಸಿ ಹೋದ ಮೇಲೆ ನಾನು ನಾಲ್ಕನೆಯ ಅಧ್ಯಾಯವನ್ನು ತೆಗೆದು ನೋಡಿದೆ. ಎಂಟೂ ನಲವತ್ತರ ವಾಕ್ಯಕ್ಕೂ ಎಂಟೂ ಐವತ್ತರ ವಾಕ್ಯಕ್ಕೂ ನಡುವಿನ ಕಿರಿದಾದ ಜಾಗದಲ್ಲಿ, ಪೆನ್ಸಿಲನ್ನು ಚೆನ್ನಾಗಿ ಚೂಪು ಮಾಡಿಕೊಂಡು, ಅವರು ಒಂದು ಸಾಲು ನಕ್ಷತ್ರಗಳನ್ನು ಬರೆದಿದ್ದರು.