ಹೆಲ್ತ್ ಕ್ಯಾಂಪ್‌ಗೆ ಬರದೇ ಇರೋರನ್ನ ತಲುಪೋದು ಹೇಗೆ

ಏರಿಯಾದಲ್ಲಿ ಹೆಲ್ತ್ ಕ್ಯಾಂಪ್ ಇಟ್ರೆ ಯಾರ್ ಬರ್ತಾರೆ ನೋಡಿ, ಆಗ್ಲೇ ಡಾಕ್ಟರ್ ಹತ್ರ ಹೋಗ್ತಿರೋರು, ರಿಟೈರ್ ಆಗಿ ಟೈಮ್ ಇರೋರು. ದಿನಗೂಲಿ ಮೇಲಿರೋರು ಬಂದ್ರೆ ಅವತ್ತಿನ ದುಡ್ಡು ಹೋಯ್ತು, ಹಾಗಾಗಿ ಬರಲ್ಲ, ನಾವು ಮಾತ್ರ "ಜನಕ್ಕೆ ಅರಿವಿಲ್ಲ" ಅಂತ ಸಲೀಸಾಗಿ ಹೇಳ್ಬಿಡ್ತೀವಿ. ವೇಲ್ಸ್‌ನ ಗಣಿ ಊರೊಂದ್ರಲ್ಲಿ ಡಾಕ್ಟರ್ ಆಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ರು, ಒಳ್ಳೆ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವ್ರಿಗೇ ಕಮ್ಮಿ ಸಿಗುತ್ತೆ ಅಂತ.

ಹಾಗಾಗಿ ಬ್ಯಾನರ್ ಪ್ರಿಂಟ್ ಹಾಕ್ಸೋಕ್ ಮುಂಚೆ ಮನೆಗಳ ಲಿಸ್ಟ್ ಮಾಡಿ. ಯಾರು ಒಂಟಿಯಾಗಿದಾರೆ, ಯಾರು ಹಾಸಿಗೆ ಹಿಡಿದಿದಾರೆ, ಯಾವ ಮಗುಗೆ ಲಸಿಕೆ ತಪ್ಪಿದೆ, ಯಾರು ಎಷ್ಟೊತ್ತಿಗೆ ಮನೇಲಿ ಇರ್ತಾರೆ. ಹೊರಗಿನವ್ರು ಹೋಗಿ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ, ಆ ಬೀದಿಯವ್ರನ್ನೇ ಒಬ್ರನ್ನ ಜೊತೆಗೆ ಸೇರಿಸ್ಕೊಳ್ಳಿ, ಅವ್ರ ಕೆಲ್ಸಕ್ಕೆ ದುಡ್ಡು ಕೊಡಿ (ಸೇವೆ ಅಂತ ಹೆಸರಿಟ್ಟು ಬಡವ್ರ ಹತ್ರನೇ ಬಿಟ್ಟಿ ದುಡಿಸ್ಕೊಳ್ಳೋದು ನಂಗಂತೂ ಸರಿ ಕಾಣಲ್ಲ). ಒಂದ್ ಮನೆ ಕಾಯಿಲೆ ವಿಷ್ಯ ಪಕ್ಕದ ಮನೆಗೆ ಹೋಯ್ತೋ, ಮುಗೀತು, ಆಮೇಲೆ ಯಾರೂ ಬಾಗಿಲು ತೆಗಿಯಲ್ಲ.

ಶುರು ಮಾಡೋಕೆ ಬಿಪಿ ಚೆಕ್ ಒಳ್ಳೇದು. ಬಿಪಿ ಜಾಸ್ತಿ ಇದ್ರೂ ಹೆಚ್ಚಿನವ್ರಿಗೆ ಲಕ್ಷಣನೇ ಕಾಣಲ್ಲ, ಬಿಪಿ ಇರೋ 30ರಿಂದ 79 ವರ್ಷದವ್ರಲ್ಲಿ ಹತ್ತಿರತ್ರ ಅರ್ಧ ಜನಕ್ಕೆ ಅದಿರೋದೇ ಗೊತ್ತಿಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಓ). ಆದ್ರೆ ನೆಟ್ಟಗೆ ನೋಡ್ಬೇಕು. 5 ನಿಮಿಷ ಸುಮ್ನೆ ಕೂರಿಸಿ, ಬೆನ್ನಿಗೆ ಆಸರೆ ಇರ್ಲಿ, ಪಾದ ನೆಲಕ್ಕೆ ತಾಗಿರ್ಲಿ, ಕಾಲ್ಮೇಲೆ ಕಾಲು ಬೇಡ, ತೋಳಿಗೆ ಸುತ್ತೋ ಪಟ್ಟಿ (ಕಫ್) ತೋಳಿನ ಸೈಜಿಗೆ ಸರಿಯಾಗಿರ್ಬೇಕು, ಬಟ್ಟೆ ಮೇಲೆ ಕಟ್ಬೇಡಿ, ತೋಳು ಎದೆ ಮಟ್ಟಕ್ಕಿರ್ಲಿ, ಅರ್ಧ ಗಂಟೆಯೊಳಗೆ ಕಾಫಿ ಬೀಡಿ ಆಗಿರ್ಬಾರ್ದು, ನೋಡ್ವಾಗ ಮಾತಾಡಿಸ್ಬೇಡಿ. ಎರಡ್ ಸಲ ನೋಡಿ. 140/90 ದಾಟಿದ್ರೆ ಗಾಬರಿ ಪಡಿಸ್ದೆ ಇನ್ನೊಂದಿನ ಮತ್ತೆ ನೋಡಿ, ಆಗ್ಲೂ ಹಾಗೇ ಇದ್ರೆ ಡಾಕ್ಟರ್ ಹತ್ರ ಕಳ್ಸಿ. 180/120 ಇದ್ದು ಎದೆನೋವು, ಉಸಿರಾಟ ಕಷ್ಟ, ಮಾತು ತೊದಲೋದು ಇದ್ರೆ ಕಾಯೋ ಮಾತೇ ಇಲ್ಲ, ಆಸ್ಪತ್ರೆಗೆ.

ಚೀಟಿ ಬರ್ದು ಕೊಟ್ಟು ಕೈ ತೊಳ್ಕೊಂಡ್ರೆ ಉಪಯೋಗ ಇಲ್ಲ. ಹೋದ್ರಾ, ಮಾತ್ರೆ ಸಿಕ್ತಾ, ತಗೊಳ್ತಿದಾರಾ ಅಂತ ತಿಂಗಳಿಗೊಂದ್ಸಲ ಕೇಳಿ, ನಿಲ್ಲಿಸಿದ್ರೆ ಬೈಬೇಡಿ, ಯಾಕೆ ಅಂತ ಕೇಳಿ, ಹೆಚ್ಚಿನ ಸಲ ದುಡ್ಡೋ ಟೈಮೋ ಕಾರಣ ಆಗಿರುತ್ತೆ.

ಜನ ಒಟ್ಟಿಗೆ ಸೇರಿದ್ರೆ ಏನಾಗುತ್ತೆ ಅನ್ನೋದಕ್ಕೆ ಫಿನ್‌ಲ್ಯಾಂಡ್‌ನ ಉತ್ತರ ಕರೇಲಿಯಾ ನೋಡಿ. 1972ರಲ್ಲಿ ಪೆಕ್ಕಾ ಪುಸ್ಕಾ ಅನ್ನೋ ಡಾಕ್ಟರ್ ಟೀಮು ಅಲ್ಲಿನ ಮಹಿಳಾ ಸಂಘ, ಅಂಗಡಿ, ಸ್ಕೂಲು ಎಲ್ಲಾ ಹಿಡ್ಕೊಂಡು ಊಟದಲ್ಲಿ ಕೊಬ್ಬು, ಉಪ್ಪು, ಜೊತೆಗೆ ಸಿಗರೇಟು ಕಮ್ಮಿ ಮಾಡಿಸೋಕೆ ಹೊರಟ್ರು, ಕೆಲವು ದಶಕದಲ್ಲಿ ದುಡಿಯೋ ವಯಸ್ಸಿನ ಗಂಡಸ್ರಲ್ಲಿ ಹೃದ್ರೋಗದ ಸಾವು 80%ಗಿಂತ ಜಾಸ್ತಿ ಇಳೀತು.

ಕೊನೇಲಿ ಎಷ್ಟ್ ಜನ ಬಂದ್ರು ಅಂತ ಲೆಕ್ಕ ಹಾಕ್ಬೇಡಿ, ಯಾವ ಬೀದಿಯಲ್ಲಿ ಎಷ್ಟ್ ಜನದ ಬಿಪಿ ಕಂಟ್ರೋಲಿಗೆ ಬಂತು ಅಂತ ಬೇರೆ ಬೇರೆ ಬರ್ದಿಡಿ, ಹಿಂದೆ ಉಳಿದಿರೋ ಬೀದಿಗೆ ಮುಂದಿನ ಸಲ ಮೊದ್ಲು ಹೋಗಿ.